ಕಷ್ಟ ಸಾಕು, ಕ್ಯೂ ತೋರಿಸಿ

ನಮಸ್ಕಾರ,

ನಿಮ್ಮ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ವಾಪಸ್ ಕಳಿಸಿ ಸುಮ್ಮನಾಗಲೂ ಮನಸ್ಸಿಲ್ಲ, ಅದಕ್ಕೇ ಈ ಪತ್ರ.

ಹುಟ್ಟಿದ ದೇಶ ಬಿಟ್ಟು ಅಮೆರಿಕ ಸೇರಿ, ಪೂಲ್ ಆಟದ ಕ್ಯೂ, ಅಂದರೆ ಟೇಬಲ್ ಮೇಲಿನ ಚೆಂಡು ಹೊಡೆಯುವ ಕೋಲು, ಮಾಡುತ್ತಲೇ ಬಾಳಿದ ಹೆಣ್ಣುಮಗಳ ಕಥೆ ನಿಮ್ಮದು. ನಿಮ್ಮ ಅಕ್ಕ ಅವರ ಪಕ್ಕದ ಮನೆಯಲ್ಲೇ ಇದ್ದವರು. ದಾವಣಗೆರೆಯಲ್ಲಿ ಕೂತು ಬರೆಯುವವರಿಗೆ ಇಂಥ ವಸ್ತು ಎಲ್ಲಿ ಸಿಗಬೇಕು ಹೇಳಿ! ಆದರೆ ಆರು ಪುಟದಲ್ಲಿ ನಾಲ್ಕು ಪುಟ ಬರೀ ಗೋಳು. 'ಛಲಗಾತಿ', 'ದಿಟ್ಟ ಮಹಿಳೆ', 'ಎಲೆಮರೆಯ ಕಾಯಿ'. ನಮ್ಮ ಮಂಡಕ್ಕಿ ಭಟ್ಟಿಯಲ್ಲಿ ಹೊಗೆ ಕುಡಿದು ದುಡಿಯುವ ಹೆಂಗಸಿಗೂ ಇವೇ ಮಾತು ಒಪ್ಪುತ್ತವೆ, ಅಲ್ವಾ? ಹಾಗಾದರೆ ಇವರು ಯಾರು ಅಂತ ಓದುಗರಿಗೆ ಗೊತ್ತಾಗುವುದು ಹೇಗೆ?

ಐದನೇ ಪುಟದಲ್ಲಿ ಒಂದು ಸಾಲಿದೆ. 'ಮೇಪಲ್ ಕೋಲನ್ನು ಸ್ವಲ್ಪ ಕಡೆದು, ತೂಗುಹಾಕಿ, ತಿಂಗಳುಗಟ್ಟಲೆ ಬಿಡುತ್ತಿದ್ದರು.' ಇಷ್ಟು ಹೇಳಿ ಮತ್ತೆ ಬಾಡಿಗೆ ಮನೆಯ ಕಷ್ಟಕ್ಕೆ ಓಡಿದ್ದೀರಿ. ನಾನು ಅಲ್ಲೇ ನಿಂತುಬಿಟ್ಟೆ. ಮರವನ್ನು ಒಂದೇ ಸಲ ಸಣ್ಣಗೆ ಕಡೆದರೆ ಒಳಗಿನ ಬಿಗಿ ಸಡಿಲವಾಗಿ ಕೋಲು ಸೊಟ್ಟಗಾಗುತ್ತದೆ. ಅದಕ್ಕೇ ಲೇತಿನಲ್ಲಿ ತೆಳ್ಳಗೆ ಒಂದು ಪದರ ತೆಗೆಯುವುದು, ಬಿಡುವುದು, ಮತ್ತೆ ತೆಗೆಯುವುದು. ತುದಿ ಸುಮಾರು 13 ಮಿ.ಮೀ.ಗೆ ಇಳಿಯುವಷ್ಟರಲ್ಲಿ ಕೆಲವು ಕೋಲು ಕೈ ಕೊಟ್ಟಿರುತ್ತವೆ. ಅಂಥದ್ದನ್ನು ಅವರು ಏನು ಮಾಡುತ್ತಿದ್ದರು? ಒಲೆಗೆ ಹಾಕುತ್ತಿದ್ದರಾ? ತಮ್ಮ ಭಾಷೆಯಲ್ಲಿ ಬೈಯುತ್ತಿದ್ದರಾ? ಅಕ್ಕನಿಗೆ ಫೋನ್ ಮಾಡಿ ಕೇಳಿ.

ಹಿಡಿಯ ಬಗ್ಗೆ 'ಸುಂದರ ಕೆತ್ತನೆ' ಅಂತ ಎರಡೇ ಪದ ಬರೆದಿದ್ದೀರಿ. ಅಲ್ಲಿ ಮೇಪಲ್ ಮತ್ತು ಕರಿಮರವನ್ನು ಚೂಪಾಗಿ ಒಂದರೊಳಗೊಂದು ಕೂರಿಸುತ್ತಾರೆ. ನಾಲ್ಕು ಚೂಪೂ ಒಂದೇ ಎತ್ತರಕ್ಕೆ ಬರಬೇಕು, ನಡುವೆ ಅಂಟಿನ ಗೆರೆ ಕಾಣಬಾರದು. ತಿಳಿದವರು ಕ್ಯೂ ಕೈಗೆ ತೆಗೆದುಕೊಂಡರೆ ಮೊದಲು ನೋಡುವುದು ಆ ಚೂಪುಗಳನ್ನೇ. ಅವರ ಕ್ಯೂ ಅಕ್ಕನ ಹತ್ತಿರ ಒಂದಾದರೂ ಇದ್ದರೆ ಆ ಜಾಗದ ಫೋಟೋ ತರಿಸಿಕೊಳ್ಳಿ.

ಇನ್ನೊಂದು. ಒಂದು ಕಡೆ ಪೂಲ್, ಇನ್ನೊಂದು ಕಡೆ ಸ್ನೂಕರ್ ಅಂತ ಬರೆದಿದ್ದೀರಿ. ಎರಡೂ ಬೇರೆ ಬೇರೆ ಆಟ. ಸ್ನೂಕರ್ ಟೇಬಲ್ 12 ಅಡಿ, ಚೆಂಡು ಚಿಕ್ಕದು, ಕ್ಯೂ ತುದಿಯೂ 9-10 ಮಿ.ಮೀ. ಅಷ್ಟೇ. ಸ್ನೂಕರ್ ಚಾಂಪಿಯನ್ ಪಂಕಜ್ ಅಡ್ವಾಣಿಯ ನಾಡಿನಲ್ಲಿ ಇದನ್ನು ಓದುಗರು ಸುಮ್ನೆ ಬಿಡುವುದಿಲ್ಲ. 'ಈ ಕಸುಬಿಗೆ ಬಂದ ಮೊದಲ ವಲಸಿಗರು' ಎಂಬ ಮಾತನ್ನಂತೂ ತೆಗೆದೇ ಬಿಡಿ. ಕ್ಯೂ ಮಾಡುವವರು ಇಂದಿಗೂ ನೆನೆಯುವ ಜಾರ್ಜ್ ಬಲಬುಷ್ಕಾ ರಷ್ಯಾದಲ್ಲಿ ಹುಟ್ಟಿ 1924ರಲ್ಲಿ ಅಮೆರಿಕಕ್ಕೆ ಹೋದ ಹುಡುಗ. ಮರಗೆಲಸ ಮಾಡಿಕೊಂಡಿದ್ದ ಅವರು ಕ್ಯೂ ಮಾಡಲು ಶುರುಮಾಡಿದ್ದು 1959ರಲ್ಲಿ. ನಿಮ್ಮ ಹೆಣ್ಣುಮಗಳಿಗೆ 'ಮೊದಲ' ಎಂಬ ಪಟ್ಟ ಬೇಕಾಗಿಯೂ ಇಲ್ಲ.

ಕಷ್ಟ ಪೂರ್ತಿ ಬೇಡ ಅನ್ನುತ್ತಿಲ್ಲ. ಭಾಷೆ ಬಾರದೆ ಲೇತಿನ ಕೆಲಸವನ್ನು ಬರೀ ನೋಡಿ ಕಲಿತರು ಅಂತಿದೆಯಲ್ಲ, ಅದು ಇರಲಿ. ಅದು ಕೆಲಸದ ಜೊತೆಗೇ ಬಂದ ಕಷ್ಟ. ಮಿಕ್ಕಿದ್ದಕ್ಕೆ ಒಂದು ಪ್ಯಾರಾ ಜಾಸ್ತಿಯಾಯ್ತು.

ಬರೆಯುವ ಮೊದಲು ಊರಿನ ಯಾವುದಾದರೂ ಪೂಲ್ ಪಾರ್ಲರ್‌ಗೆ ಹೋಗಿ ಕ್ಯೂ ಹಿಡಿದು ನೋಡಿ. ಸುಮಾರು 58 ಇಂಚು ಉದ್ದ, ಅರ್ಧ ಕೇಜಿಗಿಂತ ಸ್ವಲ್ಪ ಜಾಸ್ತಿ ತೂಕ. ಆಡಲು ಬರದಿದ್ದರೂ ಪರವಾಗಿಲ್ಲ, ಟೇಬಲ್ ಮೇಲೆ ಉರುಳಿಸಿ ನೋಡಿ. ಸೊಟ್ಟಗಿದ್ದರೆ ಕುಣಿಯುತ್ತದೆ.

ಮೂರು ಪುಟಕ್ಕೆ ಇಳಿಸಿ, ದಸರಾ ಒಳಗೆ ಕಳಿಸಿ. ಫೋಟೋ ಸಿಕ್ಕರೆ ಜೊತೆಗಿರಲಿ.