ಗಿಬ್ಸನ್ ಎಸ್‌ಜಿ ಬೇಸ್: ಮಂಕು ದನಿ, ಜಾರುವ ನೆಕ್

ನಿಮ್ಮ ಗಿಬ್ಸನ್ ಎಸ್‌ಜಿ ಬೇಸ್‌ನ (ತಗ್ಗು ಸ್ವರದ ಗಿಟಾರ್) ದನಿ ಮಂಕು, ನೆಕ್ (ತಂತಿ ಒತ್ತುವ ಉದ್ದನೆಯ ಹಿಡಿ) ಜಾರುತ್ತದೆ, ಮಾರಿಬಿಡಲೇ ಅಂತ ಕೇಳಿದ್ದೀರಿ. ನೆಕ್ ನೆಲದ ಕಡೆ ಜಾರುವುದಕ್ಕೂ ದನಿ ಮಂಕಾಗಿರುವುದಕ್ಕೂ ಕಾರಣ ನಿಮ್ಮ ಕೈಯಲ್ಲ, ವಿನ್ಯಾಸ. ಗಿಟಾರ್‌ಗೆಂದು ಮಾಡಿದ ತೆಳುವಾದ ಎಸ್‌ಜಿ ಬಾಡಿಯನ್ನೇ 1961ರಲ್ಲಿ ಬೇಸ್‌ಗೂ ಕೊಟ್ಟರು. ಇವತ್ತಿಗೂ ಅದೇ ಆಕಾರ. ಉದ್ದನೆಯ ನೆಕ್‌ನ ಭಾರಕ್ಕೆ ಆ ಹಗುರ ಬಾಡಿ ಸಾಲದೆ ನೆಕ್ ಜಾರುತ್ತದೆ. ಸ್ಕೇಲ್ (ತಂತಿ ನುಡಿಯುವ ಭಾಗದ ಉದ್ದ) ಗಿಡ್ಡ, 30.5 ಇಂಚು; ದೊಡ್ಡ ಪಿಕಪ್ (ತಂತಿಯ ಕಂಪನವನ್ನು ಹಿಡಿಯುವ ಭಾಗ) ನೆಕ್‌ನ ಬುಡದಲ್ಲೇ ಇದೆ. ಮಂಕು ಬರುವುದು ಅಲ್ಲಿಂದಲೇ.

ಮೊದಲು ಹೊಸ ರೌಂಡ್‌ವೂಂಡ್ (ದುಂಡು ತಂತಿ ಸುತ್ತಿದ, ದನಿ ಹೊಳೆಯುವ) ತಂತಿ ಹಾಕಿ. ಆಮೇಲೆ ನೆಕ್ ಪಿಕಪ್‌ನ ವಾಲ್ಯೂಮ್ ಅರ್ಧಕ್ಕೆ ಇಳಿಸಿ, ಬ್ರಿಜ್ (ಬಾಡಿಯ ಮೇಲೆ ತಂತಿ ಕೂರುವ ಜಾಗ) ಹತ್ತಿರದ ಪಿಕಪ್‌ನ ವಾಲ್ಯೂಮ್ ಪೂರ್ತಿ ತೆರೆಯಿರಿ. ಇನ್ನೂ ಮಂಕಾಗಿದ್ದರೆ ನೆಕ್ ಪಿಕಪ್ ಅನ್ನು ಸ್ಕ್ರೂ ತಿರುಗಿಸಿ ಸ್ವಲ್ಪ ಕೆಳಗಿಳಿಸಿ. ಕೊನೆಗೆ ಆಂಪ್‌ನಲ್ಲಿ 250 ಹರ್ಟ್ಜ್ ಸುತ್ತ ಕಡಿಮೆ ಮಾಡಿ, 800ರ ಸುತ್ತ ತುಸು ಏರಿಸಿ. ನನ್ನ ಎಸ್‌ಜಿ ಆಕಾರದ ಬೇಸ್‌ಗೆ ಇಷ್ಟೇ ಸಾಕಾಯಿತು.

ನೆಕ್ ಜಾರುವುದಕ್ಕೆ ಒಳಭಾಗ ಒರಟಾಗಿರುವ, ಮೂರು ಇಂಚು ಅಗಲದ ಚರ್ಮದ ಸ್ಟ್ರ್ಯಾಪ್ ಹಾಕಿ. ಜಾರುವುದು ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುತ್ತದೆ ಅಂತ ಮಾತ್ರ ಹೇಳಲಾರೆ. ನೆಕ್ ತುದಿಯಲ್ಲಿ ತಂತಿ ಬಿಗಿಸುವ ಟ್ಯೂನರ್‌ಗಳನ್ನು ಹಗುರವಾದವಕ್ಕೆ ಬದಲಿಸಿದರೂ ನೆರವಾಗಬಹುದು. ಆದರೆ ಸುಮ್ನೆ ಮೊದಲೇ ದುಡ್ಡು ಸುರಿಯಬೇಡಿ.

ಗಿಬ್ಸನ್‌ನ "ಹೊಸ ಬೇಸ್‌ಗಳಲ್ಲಿ ಹೊಸತೇ ಇಲ್ಲ" ಅಂತಲೂ ಅಂದಿರಲ್ಲ, ನನಗೂ ಹಾಗೇ ಅನಿಸುತ್ತದೆ. ಬೇಜಾರೂ ಆಗುತ್ತದೆ. ಇದೇ ಕಂಪನಿ ಕಾರು ವಿನ್ಯಾಸಕ ರೇ ಡೀಟ್ರಿಕ್ ಕೈಯಲ್ಲಿ ಥಂಡರ್‌ಬರ್ಡ್ ಅನ್ನೋ ಬೇಸ್ ರೂಪಿಸಿ 1963ರಲ್ಲಿ ತಂದಿತ್ತು. 1970ರ ದಶಕದ ಅವರದೇ ಗ್ರ್ಯಾಬರ್ ಬೇಸ್‌ನಲ್ಲಿ ಪಿಕಪ್ಪನ್ನೇ ಹಿಂದೆ ಮುಂದೆ ಸರಿಸಬಹುದಿತ್ತು. ನಿಮ್ಮ ಮಂಕು ದನಿಗೆ ಅದೇ ಸರಿಯಾದ ಉತ್ತರ ಅಲ್ವಾ!

ಮಾರುವ ಮೊದಲು ಒಂದು ವಾರ ಹೀಗೆ ನುಡಿಸಿ ನೋಡಿ. ಆಮೇಲೂ ಒಗ್ಗದಿದ್ದರೆ ಇದಕ್ಕಿಂತ ಉದ್ದದ, 34 ಇಂಚು ಸ್ಕೇಲ್‌ನ ಬೇಸ್ ಒಂದನ್ನು ಅಂಗಡಿಯಲ್ಲಿ ನಿಂತುಕೊಂಡೇ ನುಡಿಸಿ ಹೋಲಿಸಿ.