ಶುಗರ್ ಇರುವವರಿಗೆ ಅಪೆಂಡಿಸೈಟಿಸ್ ಆದರೆ ಬಲಗಡೆ ತೀವ್ರ ನೋವು ಇರಲೇಬೇಕೇ?

ಇರಲೇಬೇಕೆಂದಿಲ್ಲ. ನನಗೆ ಇರಲಿಲ್ಲ. ನಿಮ್ಮ ತಂದೆಗೆ ಹದಿನೈದು ವರ್ಷದ ಸಕ್ಕರೆ ಕಾಯಿಲೆ, ಎರಡು ದಿನದಿಂದ ಹೊಟ್ಟೆ ಭಾರ, ಊಟ ಬೇಡ, ಜ್ವರವಿಲ್ಲ, ನೋವು ‘ಅಷ್ಟೇನೂ ಇಲ್ಲ’ ಎಂದು ಬರೆದಿದ್ದೀರಿ. ಇನ್ನೊಂದು ದಿನ ನೋಡುವುದೋ, ಸ್ಕ್ಯಾನ್ ಮಾಡಿಸುವುದೋ ಎಂದು ಕೇಳಿದ್ದೀರಿ. ಮೊದಲು ಅವರನ್ನು ಆಸ್ಪತ್ರೆಗೆ ಹೊರಡಿಸಿ. ಕೊನೆಯಲ್ಲಿರುವ ‘ಹೊರಡುವ ಮುನ್ನ’ ಎಂಬ ಭಾಗವನ್ನಷ್ಟೇ ಈಗ ನೋಡಿಕೊಳ್ಳಿ, ಉಳಿದದ್ದನ್ನು ದಾರಿಯಲ್ಲಿ ಓದಿ.

2018ರ ಕಾರ್ತಿಕದ ಕೊನೆಯ ಸೋಮವಾರ ನಾವು ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋಗಿದ್ದೆವು. ನನಗೆ ಆಗ 56 ವರ್ಷ, ಶುಗರ್ ಬಂದು 14 ವರ್ಷ. ಚಾಮರಾಜಪೇಟೆಯ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ. ಬುಲ್ ಟೆಂಪಲ್ ರಸ್ತೆಯಲ್ಲಿ ನಡೆಯುತ್ತಲೇ ಒಂದು ಸೇರು ಬೇಯಿಸಿದ ಕಡಲೆಕಾಯಿ ಮುಗಿಸಿದೆವು. ಮೊಮ್ಮಗಳು ಬಾಯಿಗಿಟ್ಟ ಎರಡು ಬತ್ತಾಸನ್ನೂ ಬೇಡ ಎನ್ನಲಿಲ್ಲ. ರಾತ್ರಿ ಹತ್ತರ ಹೊತ್ತಿಗೆ ಹೊಕ್ಕುಳಿನ ಸುತ್ತ ಹಿಟ್ಟು ಕಲಸಿ ಇಟ್ಟಂತೆ ಒಂದು ಭಾರ ಶುರುವಾಯಿತು. ಅದು ನೋವು ಎನ್ನುವಂಥದ್ದಲ್ಲ. ಹೆಂಡತಿ ಓಮದ ಕಷಾಯ ಮಾಡಿಕೊಟ್ಟಳು. ಕುಡಿದು ಮಲಗಿದೆ.

ಮಂಗಳವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಶುಗರ್ ನೋಡಿಕೊಂಡೆ. 248. ನನ್ನದು ಸಾಮಾನ್ಯವಾಗಿ 130ರ ಆಸುಪಾಸು. ಬತ್ತಾಸು ತಿಂದದ್ದರ ಫಲ ಎಂದುಕೊಂಡು ದಿನವೂ ಅಂಗಿಯ ಜೇಬಿನಲ್ಲಿರುವ ಪುಟ್ಟ ಪುಸ್ತಕದಲ್ಲಿ ಬರೆದುಕೊಂಡೆ. ಡಿಸೆಂಬರ್ ನಮ್ಮ ಮುದ್ರಣಾಲಯಕ್ಕೆ ಸುಗ್ಗಿ, ಡೈರಿ ಮತ್ತು ಕ್ಯಾಲೆಂಡರ್ ಕೆಲಸ ತಲೆಯ ಮೇಲಿರುತ್ತದೆ. ರಜೆ ಹಾಕುವ ಮಾತೇ ಇರಲಿಲ್ಲ. ಹನ್ನೊಂದು ಗಂಟೆಗೆ ಹುಡುಗ ಕಾಫಿ ತಂದಿಟ್ಟ. ಮೂವತ್ತು ವರ್ಷದಿಂದ ಒಂದು ದಿನವೂ ಬಿಡದ ಕಾಫಿ. ಆ ವಾಸನೆಗೇ ಹೊಟ್ಟೆ ತೊಳೆಸಿತು. ಲೋಟದ ಮೇಲೆ ಕೆನೆ ಕಟ್ಟುವವರೆಗೂ ನೋಡುತ್ತಾ ಕುಳಿತು ಕೊನೆಗೆ ಪಕ್ಕಕ್ಕೆ ಸರಿಸಿದೆ. ಹೊಟ್ಟೆಯ ಸೋಂಕಿಗೆ ಹಸಿವು ಸಾಯುವುದು ಮೊದಲ ಗುರುತುಗಳಲ್ಲಿ ಒಂದು ಎಂದು ಆಮೇಲೆ ತಿಳಿಯಿತು. ಆಗ ನನಗೆ ಕಡಲೆಕಾಯಿಯೊಂದೇ ಕಾಣುತ್ತಿತ್ತು.

ಮಧ್ಯಾಹ್ನ ಎರಡು ಲೋಟ ಮಜ್ಜಿಗೆ ಬಿಟ್ಟರೆ ಏನೂ ಇಲ್ಲ. ಸಂಜೆ ಶುಗರ್ 291. ಬುಧವಾರ ಬೆಳಿಗ್ಗೆ 318. ಅಷ್ಟು ಹೊತ್ತಿಗೆ ಬಲ ಸೊಂಟದ ಹಿಂಭಾಗದಲ್ಲಿ ಒಂದು ಹಿಡಿತ ಬಂದಿತ್ತು. ಬಸ್ಸಿನ ಮೆಟ್ಟಿಲು ಹತ್ತುವಾಗ ಬಲಗಾಲನ್ನು ಹಿಂದೆ ಚಾಚಿದರೆ ಒಳಗೆ ಏನೋ ಎಳೆಯುತ್ತಿತ್ತು. ದಿನವೆಲ್ಲ ಬಗ್ಗಿ ಕೂರುವ ಕೆಲಸ, ಸೊಂಟ ಉಳುಕಿದೆ ಎಂದುಕೊಂಡೆ. ಅತ್ತೆಯವರು ಫೋನಿನಲ್ಲಿ ಹರಳೆಣ್ಣೆ ಕುಡಿದರೆ ಎಲ್ಲ ಇಳಿದುಹೋಗುತ್ತದೆ ಎಂದರು. ಅದರ ವಾಸನೆ ಆಗದ್ದರಿಂದ ಕುಡಿಯಲಿಲ್ಲ. ಅಪೆಂಡಿಕ್ಸ್ (ದೊಡ್ಡ ಕರುಳಿಗೆ ಅಂಟಿಕೊಂಡಿರುವ ಪುಟ್ಟ ಬಾಲ) ಊದಿಕೊಂಡಿರುವಾಗ ಭೇದಿಗೆ ಕೊಡುವುದು ಎಷ್ಟು ಅಪಾಯ ಎಂದು ಶಸ್ತ್ರವೈದ್ಯರು ಹೇಳಿದಾಗ ಮೈ ನಡುಗಿತು.

ಬುಧವಾರ ಸಂಜೆ ನಮ್ಮ ರಸ್ತೆಯ ಕ್ಲಿನಿಕ್‌ಗೆ ಹೋದೆ. ವೈದ್ಯರು ‘ಏನಾಯಿತು?’ ಎಂದು ಕೇಳಿದರು. ‘ಪರಿಷೆಯಲ್ಲಿ ಕಡಲೆಕಾಯಿ ಜಾಸ್ತಿ ತಿಂದೆ, ಗ್ಯಾಸ್ ಹಿಡಿದುಕೊಂಡಿದೆ’ ಎಂದೆ. ಹೊಟ್ಟೆ ಒತ್ತಿ ನೋಡಿದರು. ಎಲ್ಲಿ ಒತ್ತಿದರೂ ನಾನು ಹೌಹಾರಲಿಲ್ಲ. ಜ್ವರ 99 ಡಿಗ್ರಿ. ಆಮ್ಲ ಕಡಿಮೆ ಮಾಡುವ ಒಂದು ಇಂಜೆಕ್ಷನ್ ಚುಚ್ಚಿ, ಮೂರು ದಿನದ ಮಾತ್ರೆ ಬರೆದುಕೊಟ್ಟರು. ಆ ವೈದ್ಯರನ್ನು ನಾನು ದೂರುವುದಿಲ್ಲ. ರೋಗಿಯೇ ರೋಗದ ಹೆಸರು ಹೇಳಿಕೊಂಡು ಒಳಗೆ ಬಂದಿದ್ದ.

ನನ್ನ ತಪ್ಪು ಇರುವುದು ಇಲ್ಲಿಯೇ. ಅದನ್ನು ಬಿಡಿಸಿ ಹೇಳುತ್ತೇನೆ, ದಯವಿಟ್ಟು ಬೇಸರಪಡಬೇಡಿ. ಜೇಬಿನಲ್ಲಿ ಆ ಪುಸ್ತಕವಿತ್ತು. ಅದರಲ್ಲಿ 248, 291, 318 ಎಂದು ಮೂರು ಸಂಖ್ಯೆಗಳಿದ್ದವು. ಪಕ್ಕದಲ್ಲಿ ನನ್ನದೇ ಅಕ್ಷರದಲ್ಲಿ ‘ಊಟವಿಲ್ಲ’, ‘ಮಜ್ಜಿಗೆ’, ‘ಊಟವಿಲ್ಲ’ ಎಂದಿತ್ತು. ಊಟವೇ ಇಲ್ಲದೆ ಶುಗರ್ ಏರುತ್ತಿದೆ ಎಂಬುದು ಹತ್ತು ಗೇಣು ದೂರದಿಂದ ಕಾಣುವಂತಿತ್ತು. ಬೇರೆಯವರ ಬರಹದಲ್ಲಿ ಒಂದು ಅಲ್ಪವಿರಾಮ ತಪ್ಪಿದರೂ ಹಿಡಿಯುವವನು ನಾನು. ನನ್ನ ಬರಹವನ್ನು ನಾನೇ ಓದಲಿಲ್ಲ. ಮಂಗಳವಾರದ 248ಕ್ಕೆ ಬತ್ತಾಸು ಕಾರಣ ಎಂದು ಒಪ್ಪೋಣ. ಎರಡು ಬತ್ತಾಸಿನ ಸಕ್ಕರೆ ಮೂವತ್ತಾರು ಗಂಟೆಯ ಬಳಿಕವೂ, ಉಪವಾಸದಲ್ಲೂ, 318ಕ್ಕೆ ಏರಲು ಸಾಧ್ಯವೇ? ಸಾಧ್ಯವಿಲ್ಲ. ಹದಿನಾಲ್ಕು ವರ್ಷ ಶುಗರ್ ಜೊತೆ ಬಾಳಿದವನಿಗೆ ಇದು ಗೊತ್ತಿರಬೇಕಿತ್ತು. ಆದರೆ ಹದಿನಾಲ್ಕು ವರ್ಷದಿಂದ ಎಲ್ಲರೂ ನನಗೆ ಕಲಿಸಿದ್ದು ಒಂದೇ ಮಾತು: ಶುಗರ್ ಏರಿದರೆ ನೀನು ಏನೋ ತಿಂದಿದ್ದೀಯ. ಅಂಕಿ ಏರಿದ ತಕ್ಷಣ ನನಗೆ ನಾಚಿಕೆಯಾಗುತ್ತಿತ್ತು. ಆ ನಾಚಿಕೆಗೇ ನಾನು ಪುಸ್ತಕವನ್ನು ವೈದ್ಯರಿಗೆ ತೋರಿಸಲಿಲ್ಲ. ಬೈಸಿಕೊಳ್ಳಬೇಕಾಗುತ್ತದೆ ಎಂದು ಬಚ್ಚಿಟ್ಟೆ. ಸಾಲದ್ದಕ್ಕೆ ಮನೆಗೆ ಬಂದು ಮೆಟ್‌ಫಾರ್ಮಿನ್ ಮಾತ್ರೆಯನ್ನು ಯಾರನ್ನೂ ಕೇಳದೆ ಎರಡು ಪಟ್ಟು ನುಂಗಿದೆ. ಆ ಮಾತ್ರೆಯೇ ಹೊಟ್ಟೆ ತೊಳೆಸುವಂಥದ್ದು. ಹಾಗಾಗಿ ಆಮೇಲೆ ಬಂದ ವಾಕರಿಕೆಗೂ ನನ್ನ ಬಳಿ ಸಿದ್ಧ ಕಾರಣವಿತ್ತು. ಹೊಟ್ಟೆಗೆ ಕಡಲೆಕಾಯಿ, ಶುಗರ್‌ಗೆ ಬತ್ತಾಸು, ಸೊಂಟಕ್ಕೆ ಕುರ್ಚಿ, ವಾಕರಿಕೆಗೆ ಮಾತ್ರೆ. ಎಲ್ಲಕ್ಕೂ ಒಂದೊಂದು ಕಾರಣ ಸಿಕ್ಕಿದ್ದರಿಂದ ಎಲ್ಲದರ ಹಿಂದೆ ಒಂದೇ ಕಾರಣ ಇರಬಹುದು ಎಂದು ಹೊಳೆಯಲೇ ಇಲ್ಲ.

ಬುಧವಾರ ರಾತ್ರಿ ಹನ್ನೊಂದಕ್ಕೆ ಭಾರವೆಲ್ಲ ಥಟ್ಟನೆ ಇಳಿಯಿತು. ‘ಇಂಜೆಕ್ಷನ್ ಕೆಲಸ ಮಾಡಿತು ನೋಡು’ ಎಂದು ಹೆಂಡತಿಗೆ ಹೇಳಿ ನಿದ್ದೆಹೋದೆ. ಒಳಗೆ ಅಪೆಂಡಿಕ್ಸ್ ಒಡೆದಿತ್ತು. ಒಡೆದಾಗ ಬಿಗಿತ ಸಡಿಲವಾಗಿ ಕೆಲವು ಗಂಟೆ ಹಾಯೆನಿಸುವುದುಂಟಂತೆ. ಬೆಳಗಿನ ಜಾವ ನಾಲ್ಕಕ್ಕೆ ಚಳಿ ನಡುಕ, ಮಂಚವೇ ಅಲುಗುವಷ್ಟು. ‘ರೀ, ಉಸಿರು ಯಾಕೆ ಹೀಗೆ ಎಳೆದುಕೊಳ್ಳುತ್ತಿದ್ದೀರಿ?’ ಎಂದು ಹೆಂಡತಿ ದೀಪ ಹಾಕಿದಳು. ಶುಗರ್ 412. ಮಗಳು ಆಟೋ ತಂದಳು.

ತುರ್ತು ವಿಭಾಗದಲ್ಲಿದ್ದವರು ಒಬ್ಬ ಯುವ ವೈದ್ಯೆ. ಪುಸ್ತಕವನ್ನು ಮಗಳು ಅವರ ಕೈಗೆ ಕೊಟ್ಟಳು. ಪುಟದ ಮೇಲೆ ಬೆರಳಿಟ್ಟು ಅವರು ಕೇಳಿದರು: ‘ಊಟ ಮಾಡಿಲ್ಲ ಎಂದು ಬರೆದಿದ್ದೀರಿ. ಮತ್ತೆ ಇದು ಏರಿದ್ದು ಹೇಗೆ ಸರ್?’ ಎರಡೂವರೆ ದಿನದಲ್ಲಿ ಆ ಪ್ರಶ್ನೆ ಕೇಳಿದವರು ಅವರೊಬ್ಬರೇ. ರಕ್ತದಲ್ಲಿ ಬಿಳಿಕಣ 19,000ಕ್ಕೆ ಏರಿತ್ತು, ಮೂತ್ರದಲ್ಲಿ ಕೀಟೋನ್ (ಇನ್ಸುಲಿನ್ ಸಾಲದೆ ದೇಹ ಕೊಬ್ಬನ್ನು ಕರಗಿಸುವಾಗ ಹುಟ್ಟುವ ಆಮ್ಲ) ಇತ್ತು. ಅಲ್ಟ್ರಾಸೌಂಡ್‌ನಲ್ಲಿ ಕರುಳಿನ ಗಾಳಿ ಅಡ್ಡ ಬಂದು ಏನೂ ಸ್ಪಷ್ಟವಾಗಲಿಲ್ಲ. ಮೂತ್ರಪಿಂಡದ ಸ್ಥಿತಿ ತಿಳಿಯಲು ಕ್ರಿಯಾಟಿನಿನ್ ನೋಡಿಕೊಂಡು ಸಿಟಿ ಸ್ಕ್ಯಾನ್ ಮಾಡಿದರು. ಅಪೆಂಡಿಕ್ಸ್ ದೊಡ್ಡ ಕರುಳಿನ ಹಿಂದೆ ಬೆನ್ನಿನ ಕಡೆಗೆ ಮಡಚಿಕೊಂಡಿತ್ತು, ಸುತ್ತ ಕೀವು. ನನ್ನ ಸೊಂಟದ ಹಿಡಿತ, ಕಾಲು ಚಾಚಿದರೆ ಆಗುತ್ತಿದ್ದ ಎಳೆತ ಅಲ್ಲಿಂದ ಬಂದದ್ದು. ಇನ್ಸುಲಿನ್ ಡ್ರಿಪ್ ಹಾಕಿ, ಶುಗರ್ ಸ್ವಲ್ಪ ಹಿಡಿತಕ್ಕೆ ಬಂದ ಮೇಲೆ ಶಸ್ತ್ರಚಿಕಿತ್ಸೆ ಮಾಡಿದರು. ಸಣ್ಣ ರಂಧ್ರದಲ್ಲಿ ಮುಗಿಯಬೇಕಾದದ್ದಕ್ಕೆ ಹೊಟ್ಟೆ ಕೊಯ್ಯಬೇಕಾಯಿತು. ಆರು ದಿನ ಹೊಟ್ಟೆಯಿಂದ ಕೀವು ಹರಿಯಲು ಕೊಳವೆ, ಹನ್ನೊಂದು ದಿನ ಆಸ್ಪತ್ರೆ. ಗಾಯ ಸೋಂಕಾಗಿ ಐದು ವಾರ ದಿನವೂ ಡ್ರೆಸ್ಸಿಂಗ್.

ನೋವೇ ಇಲ್ಲದೆ ಇಷ್ಟೆಲ್ಲ ಹೇಗಾಯಿತು ಎಂದು ಕೇಳಿದಾಗ ಶಸ್ತ್ರವೈದ್ಯರು ನನ್ನ ಪಾದ ತಟ್ಟಿದರು. ‘ಇಲ್ಲಿ ಸ್ಪರ್ಶ ಗೊತ್ತಾಗುತ್ತದೆಯೇ?’ ಗೊತ್ತಾಗುತ್ತಿರಲಿಲ್ಲ. ನಾಲ್ಕು ವರ್ಷದಿಂದ ನಡೆಯುವಾಗ ಚಪ್ಪಲಿ ಕಳಚಿ ಹಿಂದೆ ಉಳಿದರೂ ನನಗೆ ತಿಳಿಯುತ್ತಿರಲಿಲ್ಲ, ಹಿಂದೆ ಬರುವವರು ಕರೆದು ಹೇಳುತ್ತಿದ್ದರು. ಬಹುಕಾಲದ ಶುಗರ್ ಪಾದದ ನರವನ್ನು ಕೆಡಿಸಿದ ಹಾಗೆಯೇ ಹೊಟ್ಟೆಯೊಳಗಿನ ನರಗಳನ್ನೂ ಮಂದ ಮಾಡಬಲ್ಲದು. ಸಾಮಾನ್ಯವಾಗಿ ನೋವು ಹೊಕ್ಕುಳಿನ ಸುತ್ತ ಹುಟ್ಟಿ ಕೆಳಗೆ ಬಲಕ್ಕೆ ಸರಿಯುತ್ತದೆ. ಬಲ ಸೊಂಟದ ಮೂಳೆಯ ತುದಿಯಿಂದ ಹೊಕ್ಕುಳಿನವರೆಗೆ ಗೆರೆ ಎಳೆದರೆ, ಮೂಳೆಯಿಂದ ಮೂರನೇ ಒಂದು ಭಾಗದ ದೂರದಲ್ಲಿ ಒತ್ತಿದಾಗ ಜೀವ ಹೋದಂತಾಗಬೇಕು. ನ್ಯೂಯಾರ್ಕಿನ ಶಸ್ತ್ರವೈದ್ಯ ಚಾರ್ಲ್ಸ್ ಮ್ಯಾಕ್‌ಬರ್ನಿ 1889ರಲ್ಲಿ ಗುರುತಿಸಿದ ಜಾಗ ಅದು. ನೀವು ಓದಿ ಬಂದಿರುವ ‘ಬಲಗಡೆ ತೀವ್ರ ನೋವು’ ಇದೇ. ಶುಗರ್ ಇರುವ ಬಹಳ ಜನರಿಗೂ ಹೀಗೆಯೇ ಬರುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ಆದರೆ ನರ ಮಂದವಾಗಿರುವವರಲ್ಲಿ, ಅಪೆಂಡಿಕ್ಸ್ ಹಿಂದಕ್ಕೆ ಮಡಚಿಕೊಂಡಿರುವವರಲ್ಲಿ ಆ ನೋವು ಬಾರದಿರಬಹುದು, ಬೆನ್ನಿಗೆ ಬರಬಹುದು. ಅಪೆಂಡಿಕ್ಸ್ ಕೆಳಗೆ ಇಳಿಬಿದ್ದಿದ್ದರೆ ಭೇದಿಯ ಹಾಗೆ, ಮೂತ್ರದ ಉರಿಯ ಹಾಗೆ ಕಾಣಿಸಬಹುದು. ಹೊಟ್ಟೆ ಸುಮ್ಮನಿದ್ದರೂ ಸೋಂಕು ಸುಮ್ಮನಿರುವುದಿಲ್ಲ. ಸೋಂಕಿಗೆ ಪ್ರತಿಯಾಗಿ ದೇಹ ಹೊರಡಿಸುವ ಹಾರ್ಮೋನುಗಳು ಯಕೃತ್ತಿನಿಂದ ಸಕ್ಕರೆಯನ್ನು ರಕ್ತಕ್ಕೆ ಸುರಿಸುತ್ತವೆ, ಇನ್ಸುಲಿನ್ನಿನ ಕೈ ಕಟ್ಟುತ್ತವೆ. ಹೊಟ್ಟೆ ಹೇಳದ್ದನ್ನು ನನಗೆ ಗ್ಲುಕೋಮೀಟರ್ ಹೇಳುತ್ತಿತ್ತು.

ಈಗ ನಿಮ್ಮ ಪ್ರಶ್ನೆಗೆ. ಕಾಯುವುದೋ ಸ್ಕ್ಯಾನ್ ಮಾಡಿಸುವುದೋ ಎಂಬ ಲೆಕ್ಕಾಚಾರವೇ ತಪ್ಪು ಎಂದು ನನ್ನ ಖಂಡಿತ ಅಭಿಪ್ರಾಯ. ಸ್ಕ್ಯಾನ್ ಬೇಕೇ, ಯಾವುದು ಎಂದು ತೀರ್ಮಾನಿಸುವುದು ನೀವಲ್ಲ. ನಿಮ್ಮ ಪಾಡಿಗೆ ಯಾವುದೋ ಸ್ಕ್ಯಾನಿಂಗ್ ಕೇಂದ್ರದಲ್ಲಿ ಅಲ್ಟ್ರಾಸೌಂಡ್ ಮಾಡಿಸಿ, ‘ಏನೂ ಕಾಣಲಿಲ್ಲ’ ಎಂಬ ಕಾಗದ ಹಿಡಿದು ಮನೆಗೆ ಬಂದರೆ ಅದು ಕಾಯುವುದಕ್ಕಿಂತ ಕೆಟ್ಟದ್ದು. ಶಸ್ತ್ರವೈದ್ಯರು ಇರುವ ಕಡೆಗೆ, ಇವತ್ತೇ ಹೋಗಿ. ದುಡ್ಡಿನ ಯೋಚನೆಯಿದ್ದರೆ ಕೆ.ಆರ್. ಮಾರುಕಟ್ಟೆಯ ಬಳಿ ವಿಕ್ಟೋರಿಯಾ ಇದೆ, ಮಲ್ಲೇಶ್ವರದ ಕಡೆಯಿದ್ದರೆ ಕೆ.ಸಿ. ಜನರಲ್ ಇದೆ, ಎರಡೂ ಸರ್ಕಾರಿ ಆಸ್ಪತ್ರೆಗಳು. ವಾಹನ ಸಿಗದಿದ್ದರೆ 108ಕ್ಕೆ ಕರೆ ಮಾಡಿ.

ಅಲ್ಲಿ ಮೊದಲು ಇಸಿಜಿ ತೆಗೆದರೆ ‘ಹೊಟ್ಟೆನೋವಿಗೆ ಅದೇಕೆ’ ಎಂದು ಜಗಳವಾಡಬೇಡಿ. ಶುಗರ್ ಇರುವವರಲ್ಲಿ ಹೃದಯಾಘಾತವೂ ಎದೆನೋವಿಲ್ಲದೆ, ಹೊಟ್ಟೆಯ ಸಂಕಟವಾಗಿ ಬರುವುದುಂಟು. ಕೀಟೋನ್ ಏರಿದ್ದರಿಂದಲೇ ಹೊಟ್ಟೆ ನೋಯುತ್ತಿದೆ ಎಂದು ಹೇಳಿದರೆ ಅದೂ ಇರಬಹುದು. ಆದರೆ ಕೀಟೋನ್ ಏರಿದ್ದು ಏಕೆ ಎಂದು ನೀವು ವಿನಯದಿಂದಲೇ ಇನ್ನೊಮ್ಮೆ ಕೇಳಿ. ನಿಮ್ಮ ತಂದೆ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮುಂತಾದ ಶುಗರ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮರೆಯದೆ ಹೇಳಿ. ಆ ಮಾತ್ರೆಯಲ್ಲಿ ಶುಗರ್ ಹೆಚ್ಚು ಏರದೆಯೂ ಕೀಟೋನ್ ಏರಬಹುದು. ಹಾಗಾಗಿ ಶುಗರ್ ಸರಿಯಿದೆ ಎಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಪಾದ ಜೋಮು ಹಿಡಿಯುತ್ತದೆಯೇ ಎಂದು ಅವರನ್ನು ಕೇಳಿ, ಅದನ್ನೂ ವೈದ್ಯರಿಗೆ ತಿಳಿಸಿ.

ಹೊರಡುವ ಮುನ್ನ ಊಟ ತಿಂಡಿ ಕೊಡಬೇಡಿ, ಶಸ್ತ್ರಚಿಕಿತ್ಸೆ ಬೇಕಾದರೆ ಹೊಟ್ಟೆ ಖಾಲಿಯಿರಬೇಕು. ಕೈಕಾಲು ನಡುಗಿ ಬೆವರಿದರೆ ಮಾತ್ರ ಶುಗರ್ ನೋಡಿ, 70ಕ್ಕಿಂತ ಕೆಳಗಿದ್ದರೆ ಸಕ್ಕರೆ ನೀರು ಕುಡಿಸಿ. ಹರಳೆಣ್ಣೆ, ಎನಿಮಾ ಬೇಡವೇ ಬೇಡ. ಶುಗರ್ ಮಾತ್ರೆಯನ್ನು ನೀವಾಗಿ ಹೆಚ್ಚಿಸಬೇಡಿ. ಇನ್ಸುಲಿನ್ ಚುಚ್ಚಿಕೊಳ್ಳುವವರಾದರೆ ಊಟವಿಲ್ಲ ಎಂದು ಅದನ್ನು ಪೂರ್ತಿ ನಿಲ್ಲಿಸಲೂಬೇಡಿ, ಪ್ರಮಾಣವನ್ನು ವೈದ್ಯರು ಹೇಳಲಿ. ಎಲ್ಲ ಮಾತ್ರೆಗಳನ್ನೂ ಹಾಳೆ ಸಮೇತ ಒಂದು ಚೀಲಕ್ಕೆ ಹಾಕಿಕೊಳ್ಳಿ. ಗ್ಲುಕೋಮೀಟರಿನಲ್ಲಿ ಹಿಂದಿನ ಅಳತೆಗಳು ಉಳಿದಿರುತ್ತವೆ. ಮೂರು ನಾಲ್ಕು ದಿನದ್ದನ್ನು ಒಂದು ಚೀಟಿಯಲ್ಲಿ ಇಳಿಸಿ, ಪಕ್ಕದಲ್ಲಿ ಆ ಹೊತ್ತಿಗೆ ಏನು ತಿಂದಿದ್ದರು ಎಂದು ಬರೆಯಿರಿ. ನಿಮ್ಮ ತಂದೆ ಅದನ್ನು ತೋರಿಸಲು ಸಂಕೋಚಪಡಬಹುದು, ನಾನು ಪಟ್ಟಿದ್ದೆ. ಚೀಟಿ ನಿಮ್ಮ ಕೈಯಲ್ಲಿರಲಿ, ವೈದ್ಯರು ಕೇಳುವ ಮೊದಲೇ ಅವರಿಗೆ ಕೊಡಿ.

ತಲುಪಿದ ಮೇಲೆ, ಬಿಡುವಾದಾಗ ಇಲ್ಲಿ ಒಂದು ಸಾಲು ಹಾಕಿ. ರಾತ್ರಿ ತಡವಾದರೂ ಪರವಾಗಿಲ್ಲ, ನೋಡುತ್ತಿರುತ್ತೇನೆ.