ಡ್ಯೂಟಿ ಮಾಡಿದ ದಿನವೇ ಗೈರುಹಾಜರಿ

ಪ್ರಶ್ನೆ: ಕಾಕಾ, ನಮಸ್ಕಾರ. ನಮ್ಮದು ಅಕ್ಕಲಕೋಟ ಕಡೆಯ ಹಳ್ಳಿ. ನಮ್ಮ ಯಜಮಾನರು ಮುಂಬೈಯಲ್ಲಿ ಪೊಲೀಸ್ ಶಿಪಾಯಿ. ಗಣಪತಿ ವಿಸರ್ಜನೆಗೆ ಅವರನ್ನು ತಮ್ಮ ಠಾಣೆಯಿಂದ ಗಿರ್‌ಗಾವ್ ಚೌಪಾಟಿ ಬಂದೋಬಸ್ತಿಗೆ ಕಳಿಸಿದ್ದರು. ಬೆಳಗ್ಗೆ ಹೋದವರು ಮನೆಗೆ ಬಂದದ್ದು ಮಾರನೇ ದಿನ ಮಧ್ಯಾಹ್ನ. ಬೂಟು ಬಿಚ್ಚಿದರೆ ಎರಡೂ ಕಾಲು ಬಾತಿದ್ದವು. ಪಗಾರ ಬಂದಾಗ ನೋಡಿದರೆ ಆ ಎರಡು ದಿನ ಗೈರುಹಾಜರಿ ಅಂತ ಕಟ್! ಓವರ್‌ಟೈಮ್ ಅಂತೂ ಕೇಳಲೇಬೇಡಿ. ಪಕ್ಕದ ಮನೆಯವರಿಗೆ ಕಾರ್ಖಾನೆಯಲ್ಲಿ ಡಬಲ್ ಸಿಗುತ್ತದೆ. ಅಮೆರಿಕದ ಪೊಲೀಸರಿಗೆ ಒಂದೂವರೆ ಪಟ್ಟು ಕೊಡ್ತಾರೆ ಅಂತ ನನ್ನ ತಮ್ಮ ವಾಟ್ಸಾಪ್ ಕಳಿಸಿದ್ದಾನೆ. ಇವರು ನೋಡಿದರೆ "ಸುಮ್ನಿರು, ಸಾಹೇಬರ ಕಣ್ಣಿಗೆ ಬೀಳೋದು ಬೇಡ" ಅಂತಾರೆ. ನಾನೇ ಕಮಿಷನರಿಗೆ ಬರೆದುಬಿಡಲಾ?
– ಹೆಸರು ಹಾಕಬೇಡಿ, ವರಳಿ

ಉತ್ತರ: ಬರೆಯಬೇಡ ತಂಗಿ. ಹೊರಗಿನವರ ಕೈಯಿಂದ ಒತ್ತಡ ತಂದರು ಅಂತ ಅವರ ಮೇಲೇ ನೋಟಿಸು ಬಂದೀತು. ಅರ್ಜಿ ಅವರ ಹೆಸರಲ್ಲೇ, ಅವರ ಠಾಣೆಯ ಮೂಲಕವೇ ಹೋಗಬೇಕು. ಪಗಾರ ಬಿಲ್ಲಿನ ಮೇಜಿನಲ್ಲೇ ನೌಕರಿ ಮುಗಿಸಿದವನು ನಾನು. ಇಂಥ ಕಾಗದ ಎಲ್ಲಿ ಸಿಕ್ಕಿಕೊಳ್ಳುತ್ತದೆ ಅಂತ ಗೊತ್ತು.

ಎರಡು ದಿನದ ಪಗಾರ ಒಂದು ವಿಷಯ, ಓವರ್‌ಟೈಮ್ ಇನ್ನೊಂದು. ಎರಡನ್ನೂ ಒಂದೇ ಅರ್ಜಿಯಲ್ಲಿ ತುರುಕಿದರೆ ಸಿಗಬೇಕಾದ್ದೂ ಸಿಗೋದಿಲ್ಲ.

ಈ ಗೈರುಹಾಜರಿ ಹೇಗೆ ಆಗುತ್ತದೆ ಅಂದರೆ, ಯಜಮಾನರು ಚೌಪಾಟಿಯಲ್ಲಿ ನಿಂತಿದ್ದು ಅಲ್ಲಿನ ಬಂದೋಬಸ್ತಿನ ಯಾದಿಯಲ್ಲಿರುತ್ತದೆ. ಅವರ ಸ್ವಂತ ಠಾಣೆಯ ಹಾಜರಿಯಲ್ಲಿ ಆ ದಿನ ಖಾಲಿ. ಅಲ್ಲಿಯ ಕಾಗದ ಇಲ್ಲಿಗೆ ಬರಲಿಲ್ಲವೋ, ತಿಂಗಳ ಕೊನೆಗೆ ಪಟ್ಟಿಯ ಆ ಖಾಲಿ ಚೌಕದಲ್ಲಿ ಯಾರೋ 'ಗೈ' ಅಂತ ಬರೆಯುತ್ತಾರೆ. ಪಗಾರ ಮಾಡುವ ಗುಮಾಸ್ತ ನಿಮ್ಮವರ ಮುಖವನ್ನೇ ನೋಡಿರುವುದಿಲ್ಲ. ಅವನ ಮುಂದೆ ಬರುವುದು ಹಾಜರಿ ಪಟ್ಟಿ ಮಾತ್ರ. ಅದರಲ್ಲಿದ್ದ ಹಾಗೆ ಕಂಪ್ಯೂಟರಿಗೆ ಹಾಕುತ್ತಾನೆ. ಅವನಿಗೆ ಬೈದು ಪ್ರಯೋಜನ ಇಲ್ಲ.

ಹಾಗಾಗಿ ಮೊದಲು ಸ್ಟೇಷನ್ ಡೈರಿ ನೋಡಬೇಕು. ಬಂದೋಬಸ್ತಿಗೆ ಹೊರಟಾಗ ರವಾನೆಯ ನೋಂದು, ಅಂದರೆ ದಾಖಲೆ, ಆಗಿರುತ್ತದೆ, ತಾರೀಖು, ಹೊತ್ತು, ನಂಬರು ಸಮೇತ. ಆ ನಂಬರು ಸಿಕ್ಕರೆ ಅರ್ಧ ಕೆಲಸ ಆದಂತೆ. ಚೌಪಾಟಿಯಲ್ಲಿ ಯಾವ ಅಧಿಕಾರಿಯ ಕೈಕೆಳಗೆ ಇದ್ದರು, ಎಷ್ಟು ಹೊತ್ತಿಗೆ ಬಿಟ್ಟರು, ಜೊತೆಗೆ ಯಾರಿದ್ದರು, ಇದನ್ನೂ ಬರೆದಿಟ್ಟುಕೊಳ್ಳಲಿ. ಆಮೇಲೆ ಮರಾಠಿಯಲ್ಲಿ ಒಂದೇ ಪುಟದ ಅರ್ಜಿ. ಬಕ್ಕಲ್ ನಂಬರು (ಬಿಲ್ಲೆಯ ನಂಬರು), ಸೇವಾರ್ಥ್ ಐಡಿ (ಪಗಾರದ ಕಂಪ್ಯೂಟರಿನಲ್ಲಿರುವ ನಂಬರು), ತಾರೀಖುಗಳು, ಡೈರಿಯ ನಂಬರು. ಕೇಳುವುದು ಮೂರೇ: ಹಾಜರಿ ತಿದ್ದಬೇಕು, ಪೂರಕ ಬಿಲ್ಲು ಮಾಡಿ ಬಾಕಿ ಕೊಡಬೇಕು, ಸೇವಾ ಪುಸ್ತಕದಲ್ಲಿ ಬಿನ್‌ಪಗಾರಿ, ಅಂದರೆ ಪಗಾರ ಇಲ್ಲದ ದಿನ, ಅಂತ ನಮೂದಾಗಿದ್ದರೆ ಅದನ್ನು ರದ್ದು ಮಾಡಬೇಕು. ಕಾಲು ಬಾತಿದ್ದು, ಊಟ ತಡವಾಗಿದ್ದು ಬೇಡ. ಅದಕ್ಕೆ ಅವರ ಹತ್ತಿರ ಕಾಲಂ ಇಲ್ಲ.

ಈ ಮೂರನೆಯದನ್ನು ಜನ ಮರೆಯುತ್ತಾರೆ. ಎರಡು ದಿನದ ದುಡ್ಡು ಹೋದರೆ ಹೋಯಿತು ಅಂತ ಬಿಟ್ಟರೆ, ಆ ಸಾಲು ಸೇವಾ ಪುಸ್ತಕದಲ್ಲಿ ಕೂತಿರುತ್ತದೆ. ಮುಂದೆ ಇನ್‌ಕ್ರಿಮೆಂಟ್ ಲೆಕ್ಕದಲ್ಲೋ ನಿವೃತ್ತಿಯ ಕಾಗದದಲ್ಲೋ ತಲೆ ಎತ್ತುತ್ತದೆ. ಆಗ ಆ ಹಾಜರಿ ಬರೆದವರು ಎಲ್ಲಿಗೆ ಬದಲಿ ಆಗಿರುತ್ತಾರೋ! ಈಗಲೇ, ಎಲ್ಲರೂ ಅಲ್ಲೇ ಇರುವಾಗಲೇ ತಿದ್ದಿಸಿಕೊಳ್ಳುವುದು ಸುಲಭ.

ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಆವಕ್ ಠಸ್ಸೆ (ಕಾಗದ ಬಂದು ಮುಟ್ಟಿತು ಅನ್ನುವ ಮುದ್ರೆ) ಮತ್ತು ನಂಬರು ಹಾಕಿಸಿಕೊಳ್ಳದೆ ಮನೆಗೆ ಬರಬಾರದು. "ಇಟ್ಟು ಹೋಗು, ನೋಡ್ತೀವಿ" ಅಂದರೆ ನಗುತ್ತಾ ಅಲ್ಲೇ ನಿಂತಿರಲಿ. ಉತ್ತರ ಬರದಿದ್ದರೆ ಆರ್ಡರ್ಲಿ ರೂಮಿನಲ್ಲಿ, ಅಂದರೆ ಸಿಬ್ಬಂದಿಯ ಅಹವಾಲು ಕೇಳುವ ಹೊತ್ತಿನಲ್ಲಿ, ಮೇಲಿನ ಸಾಹೇಬರ ಮುಂದೆ ಹೇಳಿಕೊಳ್ಳಬಹುದು. ಡೈರಿ ತೋರಿಸುವುದಿಲ್ಲ ಅಂದರೆ 10 ರೂಪಾಯಿ ಕೋರ್ಟ್ ಫೀ ಸ್ಟ್ಯಾಂಪ್ ಹಚ್ಚಿ ಮಾಹಿತಿ ಹಕ್ಕಿನಲ್ಲಿ ತಮ್ಮ ನೋಂದಿನ ನಕಲು ಕೇಳಲಿ, 30 ದಿನದಲ್ಲಿ ಉತ್ತರ ಕೊಡಲೇಬೇಕು. ಕೊನೆಯ ಬಾಗಿಲು ಮ್ಯಾಟ್, ಅಂದರೆ ಮಹಾರಾಷ್ಟ್ರ ಆಡಳಿತ ನ್ಯಾಯಮಂಡಳಿ. ಅರ್ಜಿ ಕೊಟ್ಟು 6 ತಿಂಗಳಾದರೂ ಉತ್ತರ ಇಲ್ಲದಿದ್ದರೆ, ಅಲ್ಲಿಂದ 1 ವರ್ಷದೊಳಗೆ ಹೋಗಬೇಕು. ಎರಡು ದಿನದ ಪಗಾರಕ್ಕೆ ಅಲ್ಲಿಯವರೆಗೆ ಹೋಗುವ ಪ್ರಸಂಗ ಬರಲಿಕ್ಕಿಲ್ಲ. ಆವಕ್ ನಂಬರು ಕಂಡರೆ ಮುಕ್ಕಾಲು ಪಾಲು ಜನ ಎಚ್ಚರಾಗುತ್ತಾರೆ.

ಇನ್ನು ಓವರ್‌ಟೈಮ್. ನಿಮ್ಮ ತಮ್ಮ ಕಳಿಸಿದ್ದು ಸುಳ್ಳಲ್ಲ. ಅಮೆರಿಕದಲ್ಲಿ ಪಗಾರ ಮತ್ತು ಕೆಲಸದ ತಾಸಿನ ಬಗ್ಗೆ 1938ರ ಕಾಯ್ದೆ ಇದೆ, ನಗರದ ಪೊಲೀಸರಿಗೂ ಅದು ಅನ್ವಯ ಅಂತ 1985ರಿಂದ ಗಟ್ಟಿಯಾಗಿದೆ. ಅಲ್ಲಿ 28 ದಿನಕ್ಕೆ 171 ತಾಸು ದಾಟಿದರೆ ಒಂದೂವರೆ ಪಟ್ಟು ಕೊಡಬೇಕು, ಇಲ್ಲವೇ ಅದೇ ಲೆಕ್ಕದಲ್ಲಿ ರಜೆ. ನಮ್ಮಲ್ಲಿ 1951ರ ಪೊಲೀಸ್ ಕಾಯ್ದೆಯ 28ನೇ ಕಲಮು ಪೊಲೀಸರು ಯಾವಾಗಲೂ ಡ್ಯೂಟಿಯಲ್ಲೇ ಇದ್ದಾರೆ ಅನ್ನುತ್ತದೆ. ಯಾವಾಗಲೂ ಡ್ಯೂಟಿ ಅಂದಮೇಲೆ 'ಓವರ್' ಎಲ್ಲಿಂದ ಬರಬೇಕು? ಸರಕಾರಿ ಹುದ್ದೆಯವರು ಕಾರ್ಖಾನೆಯವರ ಹಾಗೆ ಡಬಲ್ ಕೇಳುವಂತಿಲ್ಲ ಅಂತ 2023ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ನನಗೆ ಇದು ಸರಿ ಅನ್ನಿಸುವುದಿಲ್ಲ, ಆದರೆ ನನ್ನ ಅನಿಸಿಕೆಗೆ ಯಾರೂ ಬಿಲ್ಲು ಪಾಸ್ ಮಾಡುವುದಿಲ್ಲವಲ್ಲ.

ಕೇಳಬಹುದಾದದ್ದು ರದ್ದಾದ ವಾರದ ರಜೆ. ಯಾವ ವಾರ ರದ್ದಾಯಿತು, ಬದಲಿಗೆ ಯಾವ ದಿನ ಕೊಟ್ಟರು ಅಂತ ಒಂದು ಸಣ್ಣ ಡೈರಿಯಲ್ಲಿ ಅವರೇ ಬರೆದಿಡಲಿ. ಬೆನ್ನುಬೆನ್ನಿಗೆ ರದ್ದಾದರೆ ಆ ಪಟ್ಟಿ ಹಿಡಿದೇ ಕೇಳಲಿ. ಸಾಹೇಬರ ಕಣ್ಣಿಗೆ ಬೀಳುವ ಹೆದರಿಕೆ ಬೇಡ ಅಂತ ಅವರಿಗೆ ಹೇಳು. 2016ರಲ್ಲಿ ಮುಂಬೈಯ ದೇವನಾರ್ ಠಾಣೆಯಲ್ಲಿ 8 ತಾಸಿನ ಪಾಳಿ ಶುರುವಾಯಿತಲ್ಲ, ದತ್ತಾ ಪಡಸಲಗೀಕರ್ ಕಮಿಷನರ್ ಆಗಿದ್ದಾಗ? ಆ ಪಾಳಿಯ ಯೋಜನೆ ಕೂತು ಬರೆದವರು ಒಬ್ಬ ಶಿಪಾಯಿಯೇ.

ಪ್ರಶ್ನೆ: ಭೋಸರಿಯಲ್ಲಿ ಕಾರ್ಖಾನೆ ಕೆಲಸ. ಓವರ್‌ಟೈಮಿನಲ್ಲಿ ಪೂರ್ತಿ ತಾಸು ಮಾತ್ರ ಹಿಡಿಯುತ್ತಾರೆ. ದಿನಾ ಮೇಲಿನ 20 ನಿಮಿಷ ಹೋಗುತ್ತದೆ. ಇಷ್ಟಕ್ಕೆ ಜಗಳ ಮಾಡಬೇಕಾ ಸರ್?
– ಓದುಗ, ಪುಣೆ

ಉತ್ತರ: ಜಗಳ ಬೇಡ, ಗುಣಾಕಾರ ಮಾಡಿ. 26 ದಿನಕ್ಕೆ 8 ತಾಸು 40 ನಿಮಿಷ, ಅಂದರೆ ತಿಂಗಳಿಗೆ ಒಂದು ಪೂರ್ತಿ ಪಾಳಿ ಪುಕ್ಕಟೆ! ಕಾರ್ಖಾನೆಯಲ್ಲಿ ಓವರ್‌ಟೈಮಿಗೆ ಡಬಲ್ ಅನ್ನುವುದು 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದಲೂ ಇರುವ ಹಕ್ಕು. ಪಂಚಿಂಗ್ ಯಂತ್ರದ ತಿಂಗಳ ಪಟ್ಟಿ ಕೇಳಿ ತೆಗೆದುಕೊಂಡು ಪಗಾರದ ಚೀಟಿಯ ಪಕ್ಕ ಇಟ್ಟು ನೋಡಿ. ವ್ಯತ್ಯಾಸ ಎಚ್‌ಆರ್‌ಗೆ ಬರವಣಿಗೆಯಲ್ಲೇ ಕೊಡಿ, ಸಾಧ್ಯವಾದರೆ ನಾಲ್ಕು ಜನ ಸೇರಿ ಸಹಿ ಹಾಕಿ. ಅವರು ಕೇಳದಿದ್ದರೆ ಅದೇ ಕಾಗದದ ನಕಲು ಕಾರ್ಖಾನೆ ಇನ್‌ಸ್ಪೆಕ್ಟರರಿಗೆ ಹೋಗಲಿ.